ಟರ್ಬೈನಿಗೆ ನೀರು ಬಿಡುವ ತೂಬು: ಎಟಿಪಿ6 ಎಂಬ ಸಣ್ಣ ಭಾಗದ ಕೆಲಸ

ನಮ್ಮ ಓಣಿಯ ಒಂದು ಮನೆಗೆ ಹೋದ ತಿಂಗಳು ಬೆಂಗಳೂರಿನಿಂದ ಒಂದು ರಿಪೋರ್ಟ್ ಬಂತು. ಆ ಮನೆಯ ಮಗುವಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಎಂಟು ತಿಂಗಳಿದ್ದಾಗ ತಾನೇ ಕೂರುತ್ತಿತ್ತು, ಕರೆದರೆ ತಿರುಗಿ ನಗುತ್ತಿತ್ತು. ಒಂದು ಜ್ವರ ಬಂದು ಹೋಯಿತು ನೋಡಿ, ಆಮೇಲೆ ಕುತ್ತಿಗೆ ನಿಲ್ಲಲಿಲ್ಲ. ಕೂರುವುದೂ ಮರೆತುಹೋಯಿತು. ರಿಪೋರ್ಟಿನಲ್ಲಿ 'ಎಂಟಿ-ಎಟಿಪಿ6' ಎಂದು ಬರೆದಿತ್ತು, ಪಕ್ಕದಲ್ಲಿ 8993 ಎಂಬ ಸಂಖ್ಯೆ.

ನಾನು ಗಂಗಾವತಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಹಾಗಾಗಿ ಆ ಹಾಳೆ ನನ್ನ ಕೈಗೆ ಬಂತು. ಮಗುವಿನ ಅಜ್ಜಿ ಕೇಳಿದರು: "ಸರ್, ಇದ್ರಾಗ ಏನ್ ಬರದಾರ್ರೀ? ಇದು ಯಾರ ಕಡೀಂದ ಬಂದದ್ದು?" ಸೊಸೆ ತಲೆ ಎತ್ತಲಿಲ್ಲ.

ಅವತ್ತು ಹತ್ತು ನಿಮಿಷದಲ್ಲಿ ತಿಳಿದಷ್ಟು ಹೇಳಿದೆ. ಸಾಕಾಗಲಿಲ್ಲ ಅಂತ ಮನಸ್ಸಿಗೆ ಅನ್ನಿಸುತ್ತಲೇ ಇತ್ತು. ಆ ಅಜ್ಜಿಗೂ, ಆ ತಾಯಿಗೂ, ಇಂಥದ್ದೇ ಹಾಳೆ ಕೈಯಲ್ಲಿ ಹಿಡಿದು ಕೂತಿರುವ ಬೇರೆ ಮನೆಯವರಿಗೂ ಅರ್ಥವಾಗುವ ಹಾಗೆ ಬುಡದಿಂದ ಹೇಳಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

## ಭತ್ತದ ಚೀಲ ಕೊಟ್ಟು ಚಹಾ ಕುಡಿಯಲು ಆಗುವುದಿಲ್ಲ

ಊಟದಿಂದ ಶಕ್ತಿ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಜೋಳದ ರೊಟ್ಟಿಯಲ್ಲಿರುವ ಶಕ್ತಿಯನ್ನು ನಮ್ಮ ಸ್ನಾಯು, ಮೆದುಳು, ಹೃದಯ ನೇರವಾಗಿ ಬಳಸಲಾರವು.

ಗಂಗಾವತಿಯ ರೈತರ ಹತ್ತಿರ ನೂರು ಚೀಲ ಭತ್ತ ಇದೆ ಎಂದುಕೊಳ್ಳಿ. ಅವರು ಬಡವರಲ್ಲ. ಆದರೂ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿಯಬೇಕಾದರೆ ಚೀಲ ಕೊಡಲು ಆಗುವುದಿಲ್ಲ. ಭತ್ತ ಮಾರಬೇಕು, ನೋಟು ಬರಬೇಕು, ನೋಟು ಚಿಲ್ಲರೆಯಾಗಬೇಕು. ದೇಹದಲ್ಲೂ ಹಾಗೆಯೇ. ಊಟದ ಶಕ್ತಿ ಒಂದು ಬಗೆಯ ಚಿಲ್ಲರೆಯಾಗಿ ಬದಲಾದ ಮೇಲೆಯೇ ಖರ್ಚಿಗೆ ಸಿಗುತ್ತದೆ. ಆ ಚಿಲ್ಲರೆಯ ಹೆಸರು ಎಟಿಪಿ, ಪೂರ್ತಿ ಹೆಸರು ಅಡೆನೋಸಿನ್ ಟ್ರೈಫಾಸ್ಫೇಟ್. ಟ್ರೈ ಎಂದರೆ ಮೂರು. ಅದರಲ್ಲಿ ಮೂರು ಫಾಸ್ಫೇಟ್ ತುಂಡುಗಳು ಸಾಲಾಗಿ ಇರುತ್ತವೆ. ಕೊನೆಯದು ಕಳಚಿದಾಗ ಶಕ್ತಿ ಸಿಗುತ್ತದೆ, ಉಳಿದದ್ದು ಎಡಿಪಿ. ಆ ಎಡಿಪಿಗೆ ಮತ್ತೆ ಒಂದು ಫಾಸ್ಫೇಟ್ ಅಂಟಿಸಿದರೆ ಎಟಿಪಿ ತಯಾರು.

ಈ ಎಟಿಪಿಯನ್ನು 1929ರಲ್ಲಿ ಗುರುತಿಸಿದವರಲ್ಲಿ ಒಬ್ಬರು ನಮ್ಮ ಪಕ್ಕದ ಆಂಧ್ರದವರು. ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಸೇರಿ ಈ ಕೆಲಸ ಮಾಡಿದರು. ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದೇ ವರ್ಷ ಇದನ್ನು ಕಂಡುಕೊಂಡರು. ಪಾಠ ಮಾಡುವಾಗ ಸುಬ್ಬರಾವ್ ಹೆಸರು ಹೇಳದೆ ನಾನು ಮುಂದೆ ಹೋಗುವುದಿಲ್ಲ.

ಈ ಚಿಲ್ಲರೆಯನ್ನು ದೇಹ ಕೂಡಿಡುವುದಿಲ್ಲ. ಯಾವುದೇ ಒಂದು ಹೊತ್ತಿನಲ್ಲಿ ಮೈಯಲ್ಲಿರುವ ಎಟಿಪಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಬಹುದು. ಆದರೆ ಒಂದು ದಿನದಲ್ಲಿ ನಾವು ತಯಾರಿಸಿ ಖರ್ಚು ಮಾಡುವ ಒಟ್ಟು ಎಟಿಪಿ ನಮ್ಮ ಮೈತೂಕದ ಹತ್ತಿರ ಹತ್ತಿರ ಬರುತ್ತದೆ. ಅಂದರೆ ಅದೇ ಎಡಿಪಿ ದಿನಕ್ಕೆ ನೂರಾರು ಸಲ ಎಟಿಪಿಯಾಗಿ ತಿರುಗಿ ಬರುತ್ತಿರುತ್ತದೆ. ಈ ತಿರುಗಾಟ ಕೆಲವು ನಿಮಿಷ ನಿಂತರೂ ಜೀವಕ್ಕೆ ಅಪಾಯ.

## ಜೀವಕೋಶದೊಳಗೆ ಒಂದು ಡ್ಯಾಂ

ಎಟಿಪಿಯಲ್ಲಿ ಬಹುಪಾಲು ತಯಾರಾಗುವುದು ಮೈಟೋಕಾಂಡ್ರಿಯದಲ್ಲಿ. ಜೀವಕೋಶದೊಳಗಿನ ಪುಟ್ಟ ಚೀಲಗಳಿವು. ಒಂದೊಂದು ಕೋಶದಲ್ಲಿ ನೂರಾರು, ಕೆಲವೆಡೆ ಸಾವಿರಾರು ಇರುತ್ತವೆ. ಪ್ರತಿ ಚೀಲಕ್ಕೂ ಎರಡು ಪೊರೆ. ನಮ್ಮ ಕಥೆ ನಡೆಯುವುದು ಒಳಪೊರೆಯಲ್ಲಿ.

ಇದನ್ನು ಹೇಳಲು ನಮ್ಮ ಟಿಬಿ ಡ್ಯಾಂಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಒಂದು ದಂಡೆಯಲ್ಲಿ ಹೊಸಪೇಟೆ, ಇನ್ನೊಂದು ದಂಡೆಯಲ್ಲಿ ಮುನಿರಾಬಾದ್, ನಡುವೆ ಗೋಡೆ. ಗೋಡೆಯ ಒಂದು ಕಡೆ ನೀರು ಎತ್ತರಕ್ಕೆ ನಿಂತಿದೆ, ಇನ್ನೊಂದು ಕಡೆ ತಗ್ಗು. ನೀರು ಕೆಳಗೆ ಇಳಿಯುವಾಗ ದಾರಿಯಲ್ಲಿ ಟರ್ಬೈನ್ ಇಟ್ಟರೆ ಅದು ತಿರುಗಿ ಕರೆಂಟ್ ಕೊಡುತ್ತದೆ.

ಮೈಟೋಕಾಂಡ್ರಿಯದ ಒಳಪೊರೆಯೇ ಆ ಗೋಡೆ. ನೀರಿನ ಜಾಗದಲ್ಲಿ ಪ್ರೋಟಾನ್‌ಗಳಿವೆ. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ತೆಗೆದುಬಿಟ್ಟರೆ ಉಳಿಯುವ ತಿರುಳು ಅದು, ಧನ ಚಾರ್ಜ್ ಇರುವ ಕಣ. ಡ್ಯಾಂಗೆ ಮಳೆ ನೀರು ತಾನಾಗಿ ಹರಿದು ಬರುತ್ತದೆ. ಇಲ್ಲಿ ಹಾಗಲ್ಲ. ಏತ ನೀರಾವರಿಯ ಹಾಗೆ ಪಂಪು ಇಟ್ಟು ಎತ್ತಬೇಕು. ಆ ಪಂಪುಗಳನ್ನು ಓಡಿಸುವುದು ನಮ್ಮ ಊಟ. ತಿಂದದ್ದು ಒಡೆದು ಬಂದ ಎಲೆಕ್ಟ್ರಾನ್‌ಗಳು ಒಂದು ಪಂಪಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತವೆ. ದಾಟುವಾಗ ಬಿಡುವ ಶಕ್ತಿಯಿಂದ ಪ್ರೋಟಾನ್‌ಗಳು ಗೋಡೆಯ ಆಚೆ ತಳ್ಳಲ್ಪಡುತ್ತವೆ. ಕೊನೆಗೆ ಆ ಎಲೆಕ್ಟ್ರಾನ್‌ಗಳನ್ನು ತೆಗೆದುಕೊಳ್ಳುವುದು ಆಮ್ಲಜನಕ. ನಾವು ಉಸಿರಾಡುವುದು ಬಹುಮಟ್ಟಿಗೆ ಈ ಒಂದು ಕೆಲಸಕ್ಕಾಗಿ. ಎಲೆಕ್ಟ್ರಾನ್ ದಾಟಿಸುವ ಆ ಪಂಪುಗಳ ಒಳಗೆ ಕಬ್ಬಿಣ ಇರುತ್ತದೆ, ನಮ್ಮ ಸಂಡೂರು ಗುಡ್ಡದ ಅದಿರಿನಲ್ಲಿರುವ ಅದೇ ಧಾತು.

ಗೋಡೆಯ ಎರಡು ಬದಿಯ ನಡುವಿನ ವೋಲ್ಟೇಜ್ ಒಂದು ವೋಲ್ಟಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಇಷ್ಟೇನಾ ಅನ್ನಿಸಬಹುದು. ಆದರೆ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಭಾಗದಷ್ಟು. ಅಷ್ಟು ತೆಳುವಾದ ಗೋಡೆಗೆ ಅಷ್ಟು ವೋಲ್ಟೇಜ್ ಎಂದರೆ ಮೀಟರಿಗೆ ಸುಮಾರು 3 ಕೋಟಿ ವೋಲ್ಟಿನ ಲೆಕ್ಕ ಬೀಳುತ್ತದೆ. ತುಂಬಿದ ಡ್ಯಾಂ ಅದು.

ಈ ವಿಚಾರವನ್ನು 1961ರಲ್ಲಿ ಬ್ರಿಟನ್ನಿನ ಪೀಟರ್ ಮಿಚೆಲ್ ಮುಂದಿಟ್ಟಾಗ ಬಹಳ ಜನ ವಿಜ್ಞಾನಿಗಳು ಒಪ್ಪಲಿಲ್ಲ. ವರ್ಷಗಟ್ಟಲೆ ವಾದ ನಡೆಯಿತು. 1978ರಲ್ಲಿ ಅವರಿಗೆ ನೊಬೆಲ್ ಬಂತು.

## ತಿರುಗುವ ಕಿಣ್ವ

ಕಿಣ್ವ ಎಂದರೆ ದೇಹದಲ್ಲಿ ಒಂದು ರಾಸಾಯನಿಕ ಕೆಲಸವನ್ನು ಬೇಗ ಆಗುವಂತೆ ಮಾಡುವ ಪ್ರೋಟೀನು. ಎಂಜೈಮ್ ಎಂದೂ ಕರೆಯುತ್ತೇವೆ. ಎಟಿಪಿ ತಯಾರಿಸುವ ಕಿಣ್ವದ ಹೆಸರು ಎಟಿಪಿ ಸಿಂಥೇಸ್. ಡ್ಯಾಂನ ಗೋಡೆಯಲ್ಲಿ ಕೂತ ಟರ್ಬೈನ್ ಇದೇ.

ಟರ್ಬೈನ್ ಎನ್ನುವುದು ಇಲ್ಲಿ ಬರೀ ಹೋಲಿಕೆ ಅಲ್ಲ. ಅದು ನಿಜವಾಗಿಯೂ ತಿರುಗುತ್ತದೆ. 1997ರಲ್ಲಿ ಜಪಾನಿನ ನೋಜಿ, ಯೋಶಿದಾ, ಕಿನೋಸಿಟಾ ಮತ್ತು ಸಂಗಡಿಗರು ಈ ಕಿಣ್ವದ ಅಚ್ಚಿಗೆ, ಅಂದರೆ ನಡುವಿನ ತಿರುಗುವ ಕಡ್ಡಿಗೆ, ಹೊಳೆಯುವ ಒಂದು ಎಳೆಯನ್ನು ಕಟ್ಟಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಎಳೆ ಗಿರಗಿರ ತಿರುಗುತ್ತಿತ್ತು! ಒಂದು ಅಣುಯಂತ್ರ ತಿರುಗುವುದನ್ನು ಜನ ಕಣ್ಣಾರೆ ಕಂಡರು. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದರೂ ಈ ಜಾಗಕ್ಕೆ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಗೋಡೆಯೊಳಗೆ ಒಂದು ಚಕ್ರ ಇದೆ. ಪ್ರೋಟಾನ್‌ಗಳು ಒಂದೊಂದಾಗಿ ಬಂದು ಈ ಚಕ್ರವನ್ನು ತಿರುಗಿಸುತ್ತವೆ. ಚಕ್ರಕ್ಕೆ ಒಂದು ಅಚ್ಚು. ಅಚ್ಚಿನ ಆ ತುದಿಯಲ್ಲಿ, ಪೊರೆಯಿಂದ ಹೊರಗೆ ಚಾಚಿಕೊಂಡು, ಒಂದು ಗುಂಡು ತಲೆ ಇದೆ. ಎಡಿಪಿಗೆ ಫಾಸ್ಫೇಟ್ ಅಂಟುವುದು ಆ ತಲೆಯಲ್ಲಿರುವ ಮೂರು ಜಾಗಗಳಲ್ಲಿ.

ಮೂರು ಜಾಗಗಳ ಕೆಲಸವನ್ನು ನಮ್ಮ ಮದುವೆ ಮನೆಯ ರೊಟ್ಟಿ ಒಲೆಯ ಹಾಗೆ ಊಹಿಸಿಕೊಳ್ಳಿ. ಮೂವರು ಕೂತಿದ್ದಾರೆ. ಒಬ್ಬರು ಹಿಟ್ಟು ತೆಗೆದುಕೊಳ್ಳುತ್ತಿದ್ದಾರೆ, ಒಬ್ಬರು ಬಡಿಯುತ್ತಿದ್ದಾರೆ, ಒಬ್ಬರು ಬೆಂದ ರೊಟ್ಟಿಯನ್ನು ಹಂಚಿನಿಂದ ಎತ್ತುತ್ತಿದ್ದಾರೆ. ಅಚ್ಚು ಮೂರನೇ ಒಂದು ಸುತ್ತು ತಿರುಗಿದರೆ ಮೂವರ ಕೆಲಸವೂ ಬದಲು. ಹಿಟ್ಟು ತೆಗೆದುಕೊಂಡವರು ಈಗ ಬಡಿಯುತ್ತಾರೆ, ಬಡಿದವರು ಎತ್ತುತ್ತಾರೆ, ಎತ್ತಿದವರು ಮತ್ತೆ ಹಿಟ್ಟಿಗೆ ಕೈ ಹಾಕುತ್ತಾರೆ. ಹೀಗೆ ಒಂದು ಪೂರ್ತಿ ಸುತ್ತಿಗೆ ಮೂರು ಎಟಿಪಿ. ಮನುಷ್ಯರ ಚಕ್ರದಲ್ಲಿ 8 ಹಲ್ಲುಗಳಿವೆ. ಹಾಗಾಗಿ 8 ಪ್ರೋಟಾನ್ ಇಳಿದರೆ 3 ಎಟಿಪಿ. ಈ ಸರದಿ ಲೆಕ್ಕವನ್ನು ಹೊಳೆಯಿಸಿದವರು ಅಮೆರಿಕದ ಪಾಲ್ ಬೋಯರ್. ತಲೆಯ ರಚನೆಯನ್ನು 1994ರಲ್ಲಿ ಬಿಡಿಸಿ ತೋರಿಸಿದವರು ಬ್ರಿಟನ್ನಿನ ಜಾನ್ ವಾಕರ್ ತಂಡ. ಇಬ್ಬರಿಗೂ 1997ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

## ಸಬ್‌ಯೂನಿಟ್ ಎಂದರೆ ಬಿಡಿಭಾಗ

ಇಷ್ಟು ದೊಡ್ಡ ಯಂತ್ರ ಒಂದೇ ಪ್ರೋಟೀನಿನಿಂದ ಆಗುವುದಿಲ್ಲ. ಎಟಿಪಿ ಸಿಂಥೇಸಿನಲ್ಲಿ ಸುಮಾರು 18 ಬಗೆಯ ಬಿಡಿಭಾಗಗಳಿವೆ. ಪ್ರತಿಯೊಂದೂ ಬೇರೆ ಬೇರೆಯಾಗಿ ತಯಾರಾಗಿ, ಆಮೇಲೆ ಜೋಡಣೆಯಾಗುತ್ತದೆ. ಇವನ್ನೇ ಸಬ್‌ಯೂನಿಟ್ ಎನ್ನುತ್ತಾರೆ. ಟ್ರ್ಯಾಕ್ಟರಿಗೆ ಗೇರು, ಕ್ಲಚ್ಚು, ಬೇರಿಂಗು ಇದ್ದ ಹಾಗೆ.

ನಮ್ಮ ರಿಪೋರ್ಟಿನಲ್ಲಿದ್ದ ಎಟಿಪಿ6 ಇವುಗಳಲ್ಲಿ ಒಂದು. ಪ್ರೋಟೀನು ಎಂದರೆ ಅಮೈನೋ ಆಮ್ಲ ಎಂಬ ಪುಟ್ಟ ಮಣಿಗಳನ್ನು ಪೋಣಿಸಿದ ಸರ. ಇದು 226 ಮಣಿಗಳ ಒಂದು ಸರ, ಅಷ್ಟೇ. ಅದು ತಿರುಗುವುದಿಲ್ಲ, ಎಟಿಪಿಯನ್ನೂ ತಯಾರಿಸುವುದಿಲ್ಲ. ಚಕ್ರದ ಪಕ್ಕದಲ್ಲಿ ಅಲುಗಾಡದೆ ಕೂತಿರುತ್ತದೆ. ಹಾಗಾದರೆ ಅದರ ಕೆಲಸ ಏನು?

ಅದು ತೂಬು. ಡ್ಯಾಂನಲ್ಲಿ ಎಷ್ಟೇ ನೀರು ಇರಲಿ, ಟರ್ಬೈನಿನ ರೆಕ್ಕೆಗೆ ಸರಿಯಾದ ಜಾಗದಲ್ಲಿ ನೀರು ಬಂದು ಬಡಿಯಬೇಕು, ಕೆಲಸ ಮುಗಿದ ಮೇಲೆ ಸರಿಯಾದ ಜಾಗದಲ್ಲಿ ಹೊರಗೆ ಹೋಗಬೇಕು. ಎಟಿಪಿ6 ಮಾಡುವುದು ಇದನ್ನೇ. ಅದರ ಜೊತೆ ಸೇರಿ ಚಕ್ರದ ಪಕ್ಕ ಎರಡು ಅರ್ಧ ದಾರಿಗಳು ಉಂಟಾಗುತ್ತವೆ. ಒಂದು ಗೋಡೆಯ ಆ ಬದಿಯಿಂದ ನಡುವಿನವರೆಗೆ, ಇನ್ನೊಂದು ನಡುವಿನಿಂದ ಈ ಬದಿಗೆ. ಎರಡೂ ಒಂದಕ್ಕೊಂದು ನೇರವಾಗಿ ಕೂಡುವುದಿಲ್ಲ. ಮೊದಲ ದಾರಿಯಲ್ಲಿ ಒಳಬಂದ ಪ್ರೋಟಾನ್ ನಡುವಿನಲ್ಲಿ ಚಕ್ರದ ಒಂದು ಹಲ್ಲನ್ನು ಹತ್ತಿ ಕೂರುತ್ತದೆ. ಚಕ್ರ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ತಿರುಗಿದ ಮೇಲೆ ಎರಡನೇ ದಾರಿಯ ಹತ್ತಿರ ಇಳಿದು ಹೊರಗೆ ಹೋಗುತ್ತದೆ. ಜಾತ್ರೆಯ ತಿರುಗುವ ತೊಟ್ಟಿಲಿಗೆ ಒಂದು ಕಡೆ ಹತ್ತಿ, ಸುತ್ತು ಹಾಕಿ, ಪಕ್ಕದಲ್ಲೇ ಇಳಿಯುವಂತೆ. ದಾರಿ ನೇರವಾಗಿದ್ದರೆ ಪ್ರೋಟಾನ್‌ಗಳು ಸುಮ್ನೆ ಸೋರಿ ಹೋಗುತ್ತಿದ್ದವು, ಚಕ್ರ ತಿರುಗುತ್ತಲೇ ಇರಲಿಲ್ಲ.

2024ರ ಆಗಸ್ಟಿನಲ್ಲಿ ಟಿಬಿ ಡ್ಯಾಂನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಇದ್ದದ್ದು 33 ಗೇಟು. 32 ಗಟ್ಟಿಯಾಗಿದ್ದವು. ಗೋಡೆಗೆ ಏನೂ ಆಗಿರಲಿಲ್ಲ. ಆದರೂ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ಎರಡನೇ ಬೆಳೆ ಹೇಗಪ್ಪಾ ಎಂದು ನಿದ್ದೆಗೆಟ್ಟು ಕೂತರು. ಒಂದು ಭಾಗ ಕೆಟ್ಟರೆ ಇಡೀ ವ್ಯವಸ್ಥೆಗೆ ಏನಾಗುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ. ಅಲ್ಲಿ ಗೇಟು ಹೋಗಿ ನೀರು ಸೋರಿತು. ಈ ಮಗುವಿನಲ್ಲಿ ಡ್ಯಾಂ ತುಂಬಿದೆ, ತೂಬು ಕೆಟ್ಟಿದೆ.

## 8993: ಒಂದು ಅಕ್ಷರದ ತಪ್ಪು

ಬಿಡಿಭಾಗಗಳನ್ನು ಹೇಗೆ ತಯಾರಿಸಬೇಕು ಎಂಬ ಬರಹ ಡಿಎನ್‌ಎಯಲ್ಲಿ ಇರುತ್ತದೆ. ನಮ್ಮ ಡಿಎನ್‌ಎಯಲ್ಲಿ ಬಹುತೇಕ ಎಲ್ಲವೂ ಕೋಶಕೇಂದ್ರದಲ್ಲಿದೆ. ಆದರೆ ಮೈಟೋಕಾಂಡ್ರಿಯಕ್ಕೂ ತನ್ನದೇ ಒಂದು ಪುಟ್ಟ ಡಿಎನ್‌ಎ ಇದೆ. ಉಂಗುರದ ಆಕಾರ, ಒಟ್ಟು 16,569 ಅಕ್ಷರ, 37 ಜೀನು, ಅಂದರೆ ಒಂದೊಂದು ಭಾಗಕ್ಕೆ ಒಂದೊಂದು ಬರಹ. ಅವುಗಳಲ್ಲಿ ಪ್ರೋಟೀನಿನ ಬರಹ ಇರುವುದು 13ರಲ್ಲಿ ಮಾತ್ರ. ಎಟಿಪಿ6 ಆ 13ರಲ್ಲಿ ಒಂದು. ಹೆಸರಿನ ಮುಂದೆ 'ಎಂಟಿ' ಇರುವುದು ಅದಕ್ಕೇ.

ಆ ಉಂಗುರದ 8993ನೇ ಜಾಗದಲ್ಲಿ 'ಟಿ' ಎಂಬ ಅಕ್ಷರ ಇರಬೇಕು. ಕೆಲವರಲ್ಲಿ ಅಲ್ಲಿ 'ಜಿ' ಇರುತ್ತದೆ. ಇದರಿಂದ ಎಟಿಪಿ6 ಸರದ 156ನೇ ಮಣಿ ಬದಲಾಗುತ್ತದೆ. ಲ್ಯೂಸಿನ್ ಇರಬೇಕಾದಲ್ಲಿ ಆರ್ಜಿನಿನ್ ಬಂದು ಕೂರುತ್ತದೆ. ಲ್ಯೂಸಿನ್‌ಗೆ ಚಾರ್ಜ್ ಇಲ್ಲ. ಆರ್ಜಿನಿನ್‌ಗೆ ಧನ ಚಾರ್ಜ್ ಇದೆ. ಅದೂ ಪ್ರೋಟಾನ್ ಓಡಾಡುವ ದಾರಿಯ ಪಕ್ಕದಲ್ಲೇ. ಪ್ರೋಟಾನ್‌ಗೂ ಧನ ಚಾರ್ಜ್. ತೂಬಿನ ಬಾಯಲ್ಲಿ ಕಲ್ಲು ಸಿಕ್ಕಿಕೊಂಡಂತೆ ಆಗುತ್ತದೆ, ಎಟಿಪಿ ತಯಾರಿ ತೀರಾ ಕುಗ್ಗುತ್ತದೆ. ಅದೇ ಜಾಗದಲ್ಲಿ 'ಜಿ' ಬದಲು 'ಸಿ' ಬಂದರೆ ತೊಂದರೆ ಸಾಮಾನ್ಯವಾಗಿ ಸ್ವಲ್ಪ ಹಗುರ.

ಈ ತಪ್ಪನ್ನು ಮೊದಲು ಗುರುತಿಸಿದ್ದು 1990ರಲ್ಲಿ. ಇದರಿಂದ ಬರುವ ಕಾಯಿಲೆಗಳಲ್ಲಿ ಹೆಚ್ಚು ಕಠಿಣವಾದದ್ದು ಲೀ ಸಿಂಡ್ರೋಮ್, ಚಿಕ್ಕ ಮಕ್ಕಳಲ್ಲಿ ಕಾಣಿಸುವಂಥದ್ದು. ಬ್ರಿಟನ್ನಿನ ಡೆನಿಸ್ ಲೀ ಎಂಬ ವೈದ್ಯರು 1951ರಲ್ಲಿ ಇದನ್ನು ಮೊದಲು ವಿವರಿಸಿದರು.

## "ಯಾರ ಕಡೀಂದ ಬಂದದ್ದು?"

ಅಜ್ಜಿಯ ಪ್ರಶ್ನೆಗೆ ಬರೋಣ. ಮೈಟೋಕಾಂಡ್ರಿಯ ನಮಗೆ ಬರುವುದು ತಾಯಿಯಿಂದ. ಅಂಡಾಣುವಿನಲ್ಲಿರುವುದೇ ಮುಂದೆ ಮಗುವಿನ ಮೈಯೆಲ್ಲ ತುಂಬುತ್ತದೆ. ತಂದೆಯ ವೀರ್ಯಾಣುವಿನಲ್ಲಿರುವ ಕೆಲವು ಒಳಗೆ ಹೋದರೂ ನಾಶವಾಗುತ್ತವೆ.

ಈ ಮಾತನ್ನು ಇಲ್ಲಿಗೇ ನಿಲ್ಲಿಸಿಬಿಟ್ಟರೆ ಒಂದು ಮನೆ ಒಡೆಯುತ್ತದೆ. ಹಾಗಾಗಿ ಮುಂದಿನದನ್ನು ದಯವಿಟ್ಟು ಪೂರ್ತಿ ಓದಿ.

ಒಂದು ಕೋಶದಲ್ಲಿ ಈ ಉಂಗುರ ಡಿಎನ್‌ಎಯ ನೂರಾರು ಸಾವಿರಾರು ಪ್ರತಿಗಳು ಇರುತ್ತವೆ. ಅವುಗಳಲ್ಲಿ ಕೆಲವು ಸರಿ, ಕೆಲವು ತಪ್ಪು ಇರಬಹುದು. ಬಿಳಿಜೋಳದ ಚೀಲದಲ್ಲಿ ಒಂದಿಷ್ಟು ಕೆಂಪು ಕಾಳು ಬೆರೆತಿದೆ ಎಂದುಕೊಳ್ಳಿ. ಕೆಂಪು ಕಡಿಮೆ ಇದ್ದರೆ ರೊಟ್ಟಿಯ ಬಣ್ಣ ಬದಲಾಗುವುದಿಲ್ಲ, ತಿನ್ನುವವರಿಗೆ ಗೊತ್ತೂ ಆಗುವುದಿಲ್ಲ. ತಾಯಿ ಗಟ್ಟಿಮುಟ್ಟಾಗಿ ಇರುವುದು ಹೀಗೆ. ಅವರಿಗೇ ಗೊತ್ತಿರುವುದಿಲ್ಲ. ಈಗ ಆ ಚೀಲದಿಂದ ಬಿತ್ತನೆಗೆ ಒಂದೊಂದು ಹಿಡಿ ತೆಗೆಯಿರಿ. ಒಂದು ಹಿಡಿಯಲ್ಲಿ ಕೆಂಪು ಕಾಳು ಎರಡೇ ಇರಬಹುದು, ಮತ್ತೊಂದರಲ್ಲಿ ಮುಕ್ಕಾಲು ಪಾಲು ಇರಬಹುದು. ಅಂಡಾಣು ತಯಾರಾಗುವಾಗ ಆಗುವುದು ಇದೇ. ಅದಕ್ಕೇ ಒಂದೇ ತಾಯಿಯ ಒಂದು ಮಗು ಆರಾಮಾಗಿ ಓಡಾಡುತ್ತದೆ, ಇನ್ನೊಂದಕ್ಕೆ ಕಾಯಿಲೆ ಬರುತ್ತದೆ.

8993ರ 'ಜಿ' ತಪ್ಪಿನ ವಿಷಯದಲ್ಲಿ ತಪ್ಪು ಪ್ರತಿಗಳು ಶೇಕಡ 90ನ್ನು ದಾಟಿದಾಗ ಸಾಮಾನ್ಯವಾಗಿ ಲೀ ಸಿಂಡ್ರೋಮ್ ಕಾಣಿಸುತ್ತದೆ. ಶೇಕಡ 70ರಿಂದ 90ರ ನಡುವೆ ಇದ್ದರೆ ದೊಡ್ಡವರಾದ ಮೇಲೆ ಕಣ್ಣು ಮಂಜಾಗುವುದು, ನಡಿಗೆ ತೂರಾಡುವುದು, ಕೈಕಾಲು ನರಗಳ ದುರ್ಬಲತೆ ಬರಬಹುದು. ಅದಕ್ಕಿಂತ ಕಡಿಮೆ ಇದ್ದವರಲ್ಲಿ ಬಹಳ ಜನಕ್ಕೆ ಏನೂ ಆಗಿರುವುದಿಲ್ಲ. ಎಷ್ಟೋ ಸಲ ತಾಯಿಯ ರಕ್ತದಲ್ಲಿ ಈ ತಪ್ಪು ಸಿಗುವುದೇ ಇಲ್ಲ, ಮಗುವಿನಲ್ಲಿ ಹೊಸದಾಗಿ ಆಗಿರುತ್ತದೆ.

ಇದರಲ್ಲಿ ತಾಯಿ ಮಾಡಿದ್ದು ಏನೂ ಇಲ್ಲ. ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದದ್ದರಿಂದ ಇದು ಆಗುವುದಿಲ್ಲ. ಪಪ್ಪಾಯಿ ತಿಂದದ್ದರಿಂದಲೂ ಅಲ್ಲ, ಕೆಟ್ಟ ಕಣ್ಣಿನಿಂದಲೂ ಅಲ್ಲ. ಯಾವ ಹಿಡಿಯಲ್ಲಿ ಎಷ್ಟು ಕೆಂಪು ಕಾಳು ಬರಬೇಕು ಎನ್ನುವುದು ಯಾರ ಕೈಯಲ್ಲೂ ಇಲ್ಲ.

ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾದದ್ದಕ್ಕೆ ಹೀಗಾಯಿತಾ ಎಂದೂ ಕೇಳುತ್ತಾರೆ. ನಮ್ಮ ಕಡೆ ಇಂಥ ಮದುವೆ ಜಾಸ್ತಿ, ಪ್ರಶ್ನೆ ಸಹಜ. ಎಟಿಪಿ6ರ ತಪ್ಪಿಗೂ ಸಂಬಂಧದೊಳಗಿನ ಮದುವೆಗೂ ನಂಟಿಲ್ಲ, ಯಾಕೆಂದರೆ ತಂದೆಯಿಂದ ಈ ಜೀನು ಬರುವುದೇ ಇಲ್ಲ. ಆದರೆ ಲೀ ಸಿಂಡ್ರೋಮ್ ನೂರಕ್ಕೂ ಹೆಚ್ಚು ಬೇರೆ ಬೇರೆ ಜೀನುಗಳ ತಪ್ಪಿನಿಂದ ಬರಬಹುದು. ಹೆಚ್ಚಿನವು ಕೋಶಕೇಂದ್ರದ ಡಿಎನ್‌ಎಯಲ್ಲಿವೆ. ಅಲ್ಲಿ ತಂದೆ ತಾಯಿ ಇಬ್ಬರಿಂದಲೂ ತಪ್ಪು ಪ್ರತಿ ಬಂದಾಗ ಕಾಯಿಲೆ ಬರುವುದೇ ಜಾಸ್ತಿ, ರಕ್ತಸಂಬಂಧದ ಮದುವೆಯಲ್ಲಿ ಅದರ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ಕಾಯಿಲೆಯ ಹೆಸರಿನ ಜೊತೆ ರಿಪೋರ್ಟಿನಲ್ಲಿ ಯಾವ ಜೀನು ಬರೆದಿದೆ ಎಂದು ನೋಡುವುದು ಮುಖ್ಯ.

## ಮೆದುಳಿಗೇ ಯಾಕೆ ಪೆಟ್ಟು? ಜ್ವರ ಯಾಕೆ ನೆಪ?

ದೊಡ್ಡವರ ಮೆದುಳು ಮೈತೂಕದ ಶೇಕಡ 2ರಷ್ಟು. ಆದರೆ ದೇಹದ ಶಕ್ತಿಯಲ್ಲಿ ಸುಮಾರು ಶೇಕಡ 20 ಅದಕ್ಕೇ ಬೇಕು. ಮಕ್ಕಳಲ್ಲಿ ಇನ್ನೂ ಹೆಚ್ಚು. ಕರೆಂಟ್ ಕಡಿಮೆಯಾದಾಗ ಬಲ್ಬು ಮಂಕಾಗಿಯಾದರೂ ಉರಿಯುತ್ತದೆ, ಬೋರಿನ ಮೋಟಾರು ನಿಂತೇಬಿಡುತ್ತದೆ. ಹೆಚ್ಚು ಎಳೆಯುವುದಕ್ಕೆ ಮೊದಲ ಪೆಟ್ಟು. ಮೆದುಳು, ಕಣ್ಣಿನ ನರ, ಸ್ನಾಯು, ಹೃದಯ ಈ ಮೋಟಾರಿನ ಸಾಲಿಗೆ ಸೇರಿದವು.

ಜ್ವರ ಬಂದಾಗ ದೇಹಕ್ಕೆ ಶಕ್ತಿ ಇನ್ನೂ ಹೆಚ್ಚು ಬೇಕು, ಅದೇ ಹೊತ್ತಿಗೆ ಮಗು ಊಟ ಬಿಡುತ್ತದೆ. ಅಲ್ಲಿಯವರೆಗೆ ಹೇಗೋ ಸರಿದೂಗಿಸಿಕೊಂಡು ಬಂದದ್ದು ಆಗ ಕೈಬಿಡುತ್ತದೆ. ಜ್ವರ ಕಾಯಿಲೆಯನ್ನು ತಂದದ್ದಲ್ಲ, ಒಳಗಿದ್ದ ಕೊರತೆಯನ್ನು ಹೊರಗೆ ಹಾಕಿತು. ಲಸಿಕೆಯ ಮೇಲೆ ಅನುಮಾನ ಪಟ್ಟು ನಿಲ್ಲಿಸುವವರಿದ್ದಾರೆ. ಇಂಥ ಮಕ್ಕಳಿಗೆ ಸೋಂಕೇ ದೊಡ್ಡ ಅಪಾಯ. ಆದ್ದರಿಂದ ವೈದ್ಯರನ್ನು ಕೇಳದೆ ಲಸಿಕೆ ಬಿಡಬೇಡಿ.

## ಔಷಧ ಇದೆಯಾ?

ಕೆಟ್ಟ ಎಟಿಪಿ6ನ್ನು ರಿಪೇರಿ ಮಾಡುವ ಔಷಧ ಇಲ್ಲ. ಈ ಮಾತು ಬರೆಯಲು ಕೈ ಬರುವುದಿಲ್ಲ, ಆದರೆ ಮುಚ್ಚಿಡಬಾರದು. ಮಾಡಬಹುದಾದದ್ದು ಇದೆ. ಫಿಟ್ಸ್ ಬಂದರೆ ಅದಕ್ಕೆ ಚಿಕಿತ್ಸೆ, ನುಂಗಲು ಕಷ್ಟವಾದರೆ ಊಟಕ್ಕೆ ಬೇರೆ ದಾರಿ, ಫಿಸಿಯೋಥೆರಪಿ. ಮಗುವನ್ನು ಉಪವಾಸ ಇರಲು ಬಿಡಬಾರದು, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು, ಹೋಗುವಾಗ ರಿಪೋರ್ಟಿನ ಪ್ರತಿ ಕೈಯಲ್ಲಿರಬೇಕು. ವಾಲ್‌ಪ್ರೊಯೇಟ್ ಎಂಬ ಫಿಟ್ಸ್ ಔಷಧ ಕೆಲವು ಮೈಟೋಕಾಂಡ್ರಿಯ ಕಾಯಿಲೆಗಳಲ್ಲಿ ಅಪಾಯ ತರುತ್ತದೆ. ಆದ್ದರಿಂದ ಹೊಸ ವೈದ್ಯರಿಗೆ ಮೊದಲೇ ವಿಷಯ ತಿಳಿಸಬೇಕು.

ಇನ್ನೊಂದು ಮಾತು ಜೀನು ಪರೀಕ್ಷೆ ಇನ್ನೂ ಆಗದವರಿಗೆ. ಲೀ ಸಿಂಡ್ರೋಮ್‌ನಂತೆಯೇ ಕಾಣುವ ಒಂದು ಕಾಯಿಲೆ ಬಯೋಟಿನ್ ಮತ್ತು ಥಯಾಮಿನ್ ಎಂಬ ಎರಡು ವಿಟಮಿನ್‌ಗಳಿಗೆ ಬಗ್ಗುತ್ತದೆ, ಬೇಗ ಶುರು ಮಾಡಿದರೆ ಮಗು ಸುಧಾರಿಸುತ್ತದೆ. ರಿಪೋರ್ಟ್ ಬರುವ ಮೊದಲೇ ವೈದ್ಯರು ಇವನ್ನು ಕೊಡುವುದು ಈ ಕಾರಣಕ್ಕೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಕಾಯಿಲೆಗಳನ್ನು ನೋಡುವ ತಜ್ಞರಿದ್ದಾರೆ.

ಸುಸ್ತು ಎಂದವರಿಗೆಲ್ಲ ಮೈಟೋಕಾಂಡ್ರಿಯದ ಹೆಸರಲ್ಲಿ ಪುಡಿ, ಮಾತ್ರೆ ಮಾರುವ ಜಾಹೀರಾತುಗಳು ಈಗ ಮೊಬೈಲಿನಲ್ಲಿ ತುಂಬಿವೆ. ಸಾಮಾನ್ಯ ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇವೆಯಾ ಎಂದು ಮೊದಲು ನೋಡಿಸಿ.

ಬ್ರಿಟನ್ನಿನಲ್ಲಿ ಬೇರೊಂದು ದಾರಿ ತೆರೆದಿದೆ. ತಂದೆಯ ವೀರ್ಯಾಣು ಸೇರಿದ ತಾಯಿಯ ಅಂಡಾಣುವಿನಲ್ಲಿರುವ ಕೋಶಕೇಂದ್ರದ ಡಿಎನ್‌ಎಯನ್ನು ಆರೋಗ್ಯವಾಗಿರುವ ಇನ್ನೊಬ್ಬ ಹೆಂಗಸಿನ, ಕೋಶಕೇಂದ್ರ ತೆಗೆದ ಅಂಡಾಣುವಿಗೆ ಸೇರಿಸುತ್ತಾರೆ. ಆಗ ಮಗುವಿಗೆ ರೂಪ, ಗುಣ ತಂದೆ ತಾಯಿಯದೇ, ಮೈಟೋಕಾಂಡ್ರಿಯ ಮಾತ್ರ ದಾನಿಯದು. 2015ರಲ್ಲಿ ಅಲ್ಲಿನ ಸಂಸತ್ತು ಇದಕ್ಕೆ ಒಪ್ಪಿಗೆ ಕೊಟ್ಟಿತು. ಈ ವಿಧಾನದಿಂದ 8 ಮಕ್ಕಳು ಹುಟ್ಟಿದ್ದಾರೆ ಎಂದು ನ್ಯೂಕಾಸಲ್‌ನ ವೈದ್ಯರು 2025ರ ಜುಲೈನಲ್ಲಿ ತಿಳಿಸಿದರು.

## ಚಿಕ್ಕಮ್ಮನ ಪ್ರಶ್ನೆ

ಹೋದ ಭಾನುವಾರ ಆ ಮಗುವಿನ ಚಿಕ್ಕಮ್ಮ, ಅಂದರೆ ತಾಯಿಯ ತಂಗಿ, ಸಿಂಧನೂರಿನಿಂದ ಬಂದಿದ್ದರು. ಮದುವೆಯಾಗಿ ವರ್ಷವಾಗಿದೆ. "ನಾನೂ ತೋರಿಸ್ಕೋಬೇಕೇನ್ರೀ ಸರ್?" ಎಂದು ಮೆಲ್ಲಗೆ ಕೇಳಿದರು.

ಹೌದು, ಒಮ್ಮೆ ವಿಚಾರಿಸುವುದು ಒಳ್ಳೆಯದು ಎಂದೆ. ಅಕ್ಕ ತಂಗಿಯರಿಗೆ ಮೈಟೋಕಾಂಡ್ರಿಯ ಬಂದದ್ದು ಒಬ್ಬರೇ ತಾಯಿಯಿಂದ. ಆದರೆ ಇಬ್ಬರ ಪಾಲಿಗೆ ಬಂದ ಹಿಡಿ ಬೇರೆ ಬೇರೆ. ತಂಗಿಯಲ್ಲಿ ತಪ್ಪು ಪ್ರತಿ ಒಂದೂ ಇಲ್ಲದಿರಬಹುದು. ಮೊದಲು ಅಕ್ಕನ ಪರೀಕ್ಷೆ ಆಗಲಿ, ಅದರಲ್ಲಿ ಸಿಕ್ಕರೆ ತಂಗಿಯದು ಮಾಡಿಸುವುದು ಕ್ರಮ. ಅದಕ್ಕೂ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ಮಾಡುವ, ಅಂದರೆ ಜೀನಿನ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಸಿ ಹೇಳುವ, ವೈದ್ಯರ ಹತ್ತಿರ ಕೂತು ಮಾತಾಡಬೇಕು. 8993ರ ತಪ್ಪಿಗೆ ಬಸುರಿನಲ್ಲೇ ಪರೀಕ್ಷೆ ಮಾಡಿ ಶೇಕಡ ಎಷ್ಟು ಎಂದು ನೋಡುವ ಅವಕಾಶವೂ ಇದೆ. ಅವರ ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವನಲ್ಲಿ ಈ ತಪ್ಪು ಇದ್ದರೂ ಅವನ ಮಕ್ಕಳಿಗೆ ದಾಟುವುದಿಲ್ಲ ಎಂದೂ ಹೇಳಿದೆ.

ಅಜ್ಜಿ ಎಲ್ಲವನ್ನೂ ಕೇಳುತ್ತಾ ಕೂತಿದ್ದರು. ಆಮೇಲೆ ಎದ್ದು ಸೊಸೆಯ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡು, "ನೀ ಉಂಡು ಬಾ ಹೋಗವ್ವ" ಎಂದರು.